ವಿದೇಶದ ಗೆಳತಿಯೊಬ್ಬಳು ಮಲೆನಾಡಿನ ಸಾಗರ ಊರಿನಲ್ಲಿ ದೀವರ ಸಮುದಾಯದ ಗೋಡೆ ಚಿತ್ರಕಲೆಯಾದ ಹಸೆ ಚಿತ್ತಾರ ಕಲಿತಿದ್ದಾಳೆ. ಕಾಶಿಯ ಬೀದಿ ಗೋಡೆಗಳ ಮೇಲೆ ಅದನ್ನು ಬರೆಯಬಹುದೇ?

ಬರೆಯಬಹುದು, ಆದರೆ ಮೊದಲು ಒಪ್ಪಿಗೆ ಬೇಕು. ಮನೆ ಗೋಡೆಯಾದರೆ ಮಾಲೀಕರನ್ನು, ಸಾರ್ವಜನಿಕ ಗೋಡೆಯಾದರೆ ನಗರಪಾಲಿಕೆಯನ್ನು ಕೇಳಲಿ. ಘಾಟ್‌ಗಳ ಹಳೆಯ ಕಲ್ಲನ್ನು ಮುಟ್ಟಲೇಬಾರದು. ಪ್ರವಾಸಿ ವೀಸಾದಲ್ಲಿ ಬಂದವರು ಹಣ ಪಡೆದು ಕೆಲಸ ಮಾಡುವಂತಿಲ್ಲ.

ನಿಜವಾದ ತೊಡಕು ಬಣ್ಣದ್ದು. ನಮ್ಮ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಕರಕಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಸೂರಿನ ಕೆಳಗೆ ಬಾಳುವ ಈ ಬಣ್ಣಗಳು ಬಯಲು ಗೋಡೆಯಲ್ಲಿ ಮಳೆಗೆ ತೊಳೆದುಹೋಗುತ್ತವೆ. ಕಾಶಿಯಲ್ಲಂತೂ ಮಳೆಗಾಲದ ಗಂಗೆ ಮೆಟ್ಟಿಲುಗಳನ್ನೇ ಮುಳುಗಿಸುತ್ತಾಳೆ. ಆದ್ದರಿಂದ ದೀಪಾವಳಿಯ ನಂತರ ಹೋಗಲಿ, ನೀರು ಏರದ ಗಲ್ಲಿಯಲ್ಲಿ ಒಣಗಿದ ಗೋಡೆ ಹುಡುಕಲಿ, ಹೊರಗೋಡೆಗೆ ಹಚ್ಚುವ ಅಕ್ರಿಲಿಕ್ ಬಣ್ಣ ಬಳಸಲಿ.

ಕಾಶಿಗೂ ತನ್ನದೇ ಭಿತ್ತಿಚಿತ್ರವಿದೆ: ಮದುವೆ ಮನೆಯ ಬಾಗಿಲ ಇಕ್ಕೆಲಗಳಲ್ಲಿ ಗಣೇಶ, ಆನೆ, ಕಾವಲುಗಾರರು. ಅದನ್ನು ಬರೆಯುವವರ ಜೊತೆಗೂಡಿ ಆಕೆ ಕೆಲಸ ಮಾಡಲಿ ಎಂಬುದು ನನ್ನ ಆಸೆ. ಚಿತ್ತಾರ ಬರೆದರೆ ಪಕ್ಕದಲ್ಲೇ ದೀವರ ಹೆಸರನ್ನೂ ಕಲಿಸಿದ ಊರನ್ನೂ ನಮೂದಿಸಬೇಕು. ದೇವರ ಚಿತ್ರವನ್ನು ಮಾತ್ರ ಚರಂಡಿಯ ಬದಿಯಲ್ಲಿ, ಕಾಲು ತಾಗುವ ಎತ್ತರದಲ್ಲಿ ಬರೆಯುವುದು ಬೇಡ.