ವೇದಿಕೆಯಲ್ಲಿ ‘ಮನೆ ಮಗಳು’ ಎನ್ನಬೇಕೆ?

ಪ್ರಶ್ನೆ: ನಾನು ವಿರಾಜಪೇಟೆ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯೆ. ಭಾಷಣ ಬರೆದುಕೊಡುವವರು ‘ನಿಮ್ಮ ಮನೆ ಮಗಳು’, ‘ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’ ಎಂದೆಲ್ಲ ಸೇರಿಸುತ್ತಾರೆ. ಗಂಡಸರ ಭಾಷಣದಲ್ಲಿ ಇವಿಲ್ಲ. ಹೆಣ್ಣಿನ ಭಾಷಣ ಬೇರೆಯೇ ಇರಬೇಕೆ? ಮೈಕಿನಲ್ಲಿ ನನ್ನ ದನಿ ಕಿರುಚಿದಂತಿದೆ ಎಂಬ ದೂರೂ ಇದೆ.

ಉತ್ತರ: ಇರಬೇಕಿಲ್ಲ. ಹಿಂದಿಯಲ್ಲಿ ‘ಕರ್‌ತಾ ಹೂಂ’, ‘ಕರ್‌ತೀ ಹೂಂ’ ಎಂದೊಡನೆ ಮಾತಾಡುವವರು ಗಂಡೋ ಹೆಣ್ಣೋ ಗೊತ್ತಾಗುತ್ತದೆ. ಕನ್ನಡದ ‘ಮಾಡುತ್ತೇನೆ’ಗೆ ಆ ಗುರುತಿಲ್ಲ. ನಮ್ಮ ಭಾಷಣಕ್ಕೆ ಲಿಂಗದ ಬಣ್ಣ ಬರುವುದು ನಂಟಿನ ಪದಗಳಿಂದ, ಕ್ಷಮೆಯ ಮಾತಿನಿಂದ, ವಾಕ್ಯದ ಕೊನೆಯಿಂದ. ಮೂರನ್ನೂ ತಿದ್ದಬಹುದು.

‘ಮನೆ ಮಗಳು’ ನಮಸ್ಕಾರದ ಹೊತ್ತಿಗೆ ಒಮ್ಮೆ ಬಂದರೆ ಸಾಕು. ಅನುದಾನದ ಮಾತಿನ ನಡುವೆ ಬಂದರೆ ಲೆಕ್ಕ ಕೊಡುತ್ತಿರುವ ಸದಸ್ಯೆ ಬೇಡಿಕೊಳ್ಳುತ್ತಿರುವಂತೆ ಕೇಳುತ್ತದೆ. ಗಂಡಸರ ‘ಮಣ್ಣಿನ ಮಗ’ ಮಾತ್ರ ಹಕ್ಕು ಸಾಧಿಸುವ ಮಾತು, ಗಮನಿಸಿ! ಕ್ಷಮೆಯ ಸಾಲನ್ನಂತೂ ಹೊಡೆದುಹಾಕಿ.

ಹೆಂಗಸರ ಮಾತಿನಲ್ಲಿ ಅಳುಕಿನ ನುಡಿ, ‘ಅಲ್ವಾ?’ ಎಂಬಂಥ ಪ್ರಶ್ನೆ ಹೆಚ್ಚು ಎಂದು ಭಾಷಾತಜ್ಞೆ ರಾಬಿನ್ ಲೇಕಾಫ್ 1975ರಲ್ಲಿ ವಾದಿಸಿದರು. ಆ ಪ್ರಶ್ನೆಗೆ ಅಳುಕೊಂದೇ ಕಾರಣವಲ್ಲ ಎಂದು ಮುಂದಿನ ಸಂಶೋಧಕರು ತೋರಿಸಿದರು. ‘ಹೌದೋ ಅಲ್ವೋ?’ ಎಂದು ಜನರನ್ನು ಕೂಗಿಸುವ ಗಂಡು ಭಾಷಣಕಾರರನ್ನೇ ನೋಡಿ. ಆದ್ದರಿಂದ ಪ್ರಶ್ನೆ ಉಳಿಯಲಿ, ‘ಅನ್ನಿಸುತ್ತೆ’, ‘ಸ್ವಲ್ಪ’ ಹೋಗಲಿ. ‘ಆನೆ ಕಂದಕದ ಕಡೆ ಸ್ವಲ್ಪ ಗಮನ ಕೊಡಬೇಕು ಅನ್ನಿಸುತ್ತೆ’ ಎನ್ನುವ ಬದಲು ‘ಕಂದಕ ಎಲ್ಲೆಲ್ಲಿ ಕುಸಿದಿದೆ ಎಂಬ ಪಟ್ಟಿಯನ್ನು ಅರಣ್ಯ ಇಲಾಖೆಗೆ ಕೊಟ್ಟಿದ್ದೇವೆ’ ಎನ್ನಿ. ಕೊಟ್ಟಿದ್ದರೆ ಮಾತ್ರ.

ಅಮೆರಿಕದ ರಾಜಕಾರಣಿ ಹಿಲರಿ ಕ್ಲಿಂಟನ್ ಅವರ 1992ರಿಂದ 2013ರವರೆಗಿನ ಸಂದರ್ಶನ, ಚರ್ಚೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ಅಧಿಕಾರ ಬೆಳೆದಂತೆ ಅವರ ಮಾತಿನ ಶೈಲಿ ಗಂಡಸರದಕ್ಕೆ ಹತ್ತಿರವಾಯಿತು ಎಂದಿತು. ಸರ್ವನಾಮದಂಥ ಸಣ್ಣ ಪದಗಳನ್ನು ಎಣಿಸುವ ಈ ವಿಧಾನ ಕನ್ನಡಕ್ಕೆ ಹಾಗೇ ಒಗ್ಗದು. ನಾವು ‘ನಾನು’ ಬಿಟ್ಟೇ ಮಾತಾಡುತ್ತೇವೆ, ಕ್ರಿಯಾಪದವೇ ಅದನ್ನು ಹೇಳುತ್ತದೆ. ಭಾಷಣ ಪರೀಕ್ಷಿಸುವಾಗ ‘-ಏನೆ’, ‘-ಏವೆ’ ಎಂದು ಮುಗಿಯುವ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ಪಂಚಾಯಿತಿಯ ನಿರ್ಣಯಕ್ಕೆ ‘ಮಾಡಿದ್ದೇವೆ’, ನಿಮ್ಮದೇ ಹೊಣೆಗೆ ‘ಮಾಡಿದ್ದೇನೆ’ ಇರಲಿ.

ದನಿಯ ತೊಂದರೆ ಬಹುಪಾಲು ಯಂತ್ರದ್ದು. ಹೆಂಗಸರ ದನಿಯ ಮೂಲ ಸ್ವರ ಸುಮಾರು 200 ಹರ್ಟ್ಜ್, ಅಂದರೆ ಸೆಕೆಂಡಿಗೆ 200 ಕಂಪನ. ಹಾರ್ನ್ ಸ್ಪೀಕರ್ ಅಷ್ಟು ಕೆಳಗಿನದನ್ನು ಸರಿಯಾಗಿ ಹೊರಡಿಸದು. ಕೂಗಿದರೆ ಮೇಲಿನ ಸ್ವರಗಳಷ್ಟೇ ಉಳಿದು ಕಿವಿಗೆ ಚುಚ್ಚುತ್ತವೆ. ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ, ತುಸು ಓರೆಯಾಗಿ ಹಿಡಿಯಿರಿ. ಸೌಂಡ್‌ನವರಿಗೆ ಟ್ರೆಬಲ್ (ಮೇಲಿನ ಸ್ವರಗಳ ಜೋರು) ಇಳಿಸಿ ವಾಲ್ಯೂಮ್ ಏರಿಸಲು ಹೇಳಿ, ನೀವು ಕೂಗಬೇಡಿ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ತರಬೇತಿ ಪಡೆದು ದನಿ ತಗ್ಗಿಸಿಕೊಂಡದ್ದು ನಿಜ. ತರಬೇತಿಯಿಲ್ಲದೆ ಅದನ್ನು ಮಾಡಹೋದರೆ ಗಂಟಲು ಕಟ್ಟುತ್ತದೆ.

ಸಭೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಇರಬಹುದು. ‘ಅಣ್ಣತಮ್ಮಂದಿರೇ, ಅಕ್ಕತಂಗಿಯರೇ’ ಬದಲು ‘ಊರಿನ ಎಲ್ಲರಿಗೂ ನಮಸ್ಕಾರ’ ಎನ್ನಿ. ಅವರಲ್ಲೊಬ್ಬರನ್ನು ಪರಿಚಯಿಸುವಾಗ ‘ಅವರು ಬಂದಿದ್ದಾರೆ’ ಸಾಕು, ಮರ್ಯಾದೆಯೂ ಉಳಿಯುತ್ತದೆ.