ಕಂಪ್ರೆಸರ್ ಬುಡದಲ್ಲಿ ಹಿಮ: ಗ್ಯಾಸ್ ತುಂಬಿಸಬೇಡಿ

ಮಾಟುಂಗದ ಹೋಟೆಲಿನ ಕೋಲ್ಡ್ ರೂಮ್, ಕಂಪ್ರೆಸರ್ ಬುಡಕ್ಕೆ ಹಿಮ ಕಟ್ಟುತ್ತಿದೆ, ಗ್ಯಾಸ್ ಕಮ್ಮಿಯೇ ಎಂದು ಕೇಳಿದ್ದೀರಿ. ಅಲ್ಲ ಸರ್. ಗ್ಯಾಸ್ ಕಮ್ಮಿಯಾದರೆ ಸೂಪರ್‌ಹೀಟ್ (ಆವಿಯಾದ ಗ್ಯಾಸ್ ತನ್ನ ಕುದಿಯುವ ಬಿಂದುವಿಗಿಂತ ಎಷ್ಟು ಡಿಗ್ರಿ ಬೆಚ್ಚಗಿದೆ ಎಂಬ ಲೆಕ್ಕ) ಏರುತ್ತದೆ, ನಿಮ್ಮಲ್ಲಿ ಇಳಿದಿದೆ. ನಿಮ್ಮದೇ ರೀಡಿಂಗ್ ನೋಡಿ: ಗ್ಯಾಸ್ ಆರ್-134ಎ, ಸಕ್ಷನ್ (ಕಂಪ್ರೆಸರ್ ಎಳೆದುಕೊಳ್ಳುವ ಬದಿಯ ಒತ್ತಡ) 18 ಪಿಎಸ್‌ಐ, ಅಂದರೆ ಗ್ಯಾಸ್ ಕುದಿಯುವುದು ಸುಮಾರು ಮೈನಸ್ 7 ಡಿಗ್ರಿಗೆ. ರೂಮಿನೊಳಗಿನ ಕೂಲಿಂಗ್ ಕಾಯಿಲ್ ದಾಟಿದ ಪೈಪು ಮೈನಸ್ 6. ವ್ಯತ್ಯಾಸ ಒಂದೇ ಡಿಗ್ರಿ; 5ರಿಂದ 7 ಬೇಕು. ಆವಿಯಾಗದ ದ್ರವ ಕಂಪ್ರೆಸರ್‌ಗೆ ಹೋಗಿ ಎಣ್ಣೆಯನ್ನು ತೆಳುಮಾಡಿ ಬೇರಿಂಗ್ ತಿನ್ನುತ್ತದೆ.

ಮೊದಲು ಫ್ಯಾನ್, ಬಾಗಿಲಿನ ಗ್ಯಾಸ್ಕೆಟ್ ನೋಡಿ. ಮುಂಬೈ ಮಳೆಗಾಲದ ತೇವಕ್ಕೆ ಕಾಯಿಲ್ ಬೇಗ ಐಸ್ ಹಿಡಿಯುತ್ತದೆ, ಆಗ ಗ್ಯಾಸಿಗೆ ಶಾಖ ಸಿಗದೆ ಪೂರ್ತಿ ಆವಿಯಾಗದು. ಆಮೇಲೆ ಎಕ್ಸ್‌ಪಾನ್ಷನ್ ವಾಲ್ವಿನ (ಕಾಯಿಲಿಗೆ ದ್ರವ ಅಳೆದು ಬಿಡುವ ವಾಲ್ವ್) ಬಲ್ಬ್, ಅಂದರೆ ಕಾಯಿಲ್ ದಾಟಿದ ಪೈಪಿಗೆ ಪಟ್ಟಿಯಿಂದ ಕಟ್ಟಿದ ಶಾಖ ಅಳೆಯುವ ಗುಂಡು. ಪಟ್ಟಿ ಸಡಿಲವಾದರೆ ಬಲ್ಬ್ ಬೆಚ್ಚಗಾಗಿ ವಾಲ್ವ್ ಬೇಕಾದ್ದಕ್ಕಿಂತ ಹೆಚ್ಚು ತೆರೆಯುತ್ತದೆ. ಪೈಪು ಉಜ್ಜಿ, ಬಿಗಿದು, ಇನ್ಸುಲೇಷನ್ ಸುತ್ತಿ. ಆಗಲೂ ಸರಿಹೋಗದಿದ್ದರೆ ಮಾತ್ರ ವಾಲ್ವಿನ ಸ್ಪಿಂಡಲ್ (ಹೊಂದಿಸುವ ಸ್ಕ್ರೂ) ಬಲಕ್ಕೆ ಕಾಲು ಸುತ್ತು ತಿರುಗಿಸಿ, 20 ನಿಮಿಷ ಕಾದು ಮತ್ತೆ ಅಳೆಯಿರಿ.