ವಿಮಾನದ ಹೊಗೆ ಎಲ್ಲಿ ಕಡಿಮೆಯಾಗುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಳಗಿನ ಉತ್ತರಗಳಿಗೆಲ್ಲ ಬೇಕಾಗುವ ಒಂದು ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇವೆ: 1 ಕೆ.ಜಿ. ವಿಮಾನ ಇಂಧನ ಉರಿದರೆ 3.16 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ.

ಪ್ರಶ್ನೆ: ಇಳಿದ ಮೇಲೆ ಗೇಟಿಗೆ ಹೋಗುವಾಗ ಪೈಲಟ್‌ಗಳು ಒಂದು ಎಂಜಿನ್ ಆರಿಸುತ್ತಾರಂತೆ. ನಿಜವೇ? ಅಪಾಯವಿಲ್ಲವೇ?
– ಓದುಗರು, ದೇವನಹಳ್ಳಿ

ಉತ್ತರ: ನಿಜ. ಅಪಾಯವೂ ಇಲ್ಲ, ಆದರೆ ಪ್ರತಿ ಸಲವೂ ಮಾಡುವಂಥದ್ದಲ್ಲ. ಎರಡು ಎಂಜಿನ್ನಿನ ಎ320 ಜೆಟ್ ವಿಮಾನದ ಒಂದೊಂದು ಎಂಜಿನ್ ನೆಲದ ಮೇಲೆ ಐಡಲ್‌ನಲ್ಲಿದ್ದಾಗಲೂ (ಅತಿ ಕಡಿಮೆ ಶಕ್ತಿಯಲ್ಲಿ ಸುಮ್ಮನೆ ತಿರುಗುತ್ತಿದ್ದಾಗಲೂ) ನಿಮಿಷಕ್ಕೆ 5ರಿಂದ 6 ಕೆ.ಜಿ. ಇಂಧನ ಕುಡಿಯುತ್ತದೆ. ಇಳಿದ ಕೂಡಲೇ ಆರಿಸುವಂತಿಲ್ಲ. ಸುಮಾರು 3 ನಿಮಿಷ ಐಡಲ್‌ನಲ್ಲೇ ಬಿಟ್ಟು ತಣಿಸಬೇಕು, ಇಲ್ಲವಾದರೆ ಕಾದ ಬೇರಿಂಗ್‌ಗಳ ಬಳಿ ನಿಂತ ಎಣ್ಣೆ ಸುಟ್ಟು ಕರಕು ಕಟ್ಟುತ್ತದೆ. ಆಮೇಲೆ ಆರಿಸುವುದು ಸಾಮಾನ್ಯವಾಗಿ ಬಲಗಡೆಯ 2ನೇ ಎಂಜಿನ್ನನ್ನು. ಮಾಮೂಲಿ ಬ್ರೇಕಿಗೆ ಒತ್ತಡ ಕೊಡುವ ಹೈಡ್ರಾಲಿಕ್ ಪಂಪು 1ನೇ ಎಂಜಿನ್ನಿನಲ್ಲಿರುವುದೇ ಇದಕ್ಕೆ ಕಾರಣ. ಗೇಟಿಗೆ 10 ನಿಮಿಷದ ದಾರಿಯಾದರೆ 7 ನಿಮಿಷದ ಇಂಧನ ಉಳಿಯುತ್ತದೆ. ಅಂದರೆ 35ರಿಂದ 40 ಕೆ.ಜಿ.

ಮಳೆಯಲ್ಲಿ ಜಾರುವ ನೆಲ, ಏರು, ತುಂಬ ಭಾರದ ವಿಮಾನ, ಇಕ್ಕಟ್ಟಿನ ತಿರುವು ಇದ್ದಲ್ಲಿ ಇದನ್ನು ಮಾಡುವುದಿಲ್ಲ. ಉಳಿದ ಒಂದೇ ಎಂಜಿನ್ನನ್ನು ಜೋರು ಮಾಡಬೇಕಾಗಿ ಬಂದರೆ ಹಿಂದೆ ನಿಂತ ಟ್ರಾಲಿ, ಏಣಿಗಳು ಹಾರಿಹೋಗುವಷ್ಟು ಗಾಳಿ ಹೊಡೆಯುತ್ತದೆ. ಹೊರಡುವಾಗ ಇದೇ ಕ್ರಮ ಅನುಸರಿಸಿದರೆ ಎರಡನೇ ಎಂಜಿನ್ನನ್ನು ಟೇಕಾಫ್‌ಗೆ ಕೆಲವು ನಿಮಿಷ ಮೊದಲೇ ಹೊತ್ತಿಸಿ ಬಿಸಿಮಾಡಬೇಕು. ಅಲ್ಲಿ ಅದು ಕೈಕೊಟ್ಟರೆ ಮತ್ತೆ ಗೇಟಿಗೆ ಮರಳಬೇಕು.

ಇಷ್ಟೆಲ್ಲ ಉಳಿಸಿದ್ದನ್ನು ಬಾಲದಲ್ಲಿರುವ ಎಪಿಯು ಎಂಬ ಸಣ್ಣ ಎಂಜಿನ್ ತಿಂದುಹಾಕಬಹುದು. ನಿಂತ ವಿಮಾನಕ್ಕೆ ವಿದ್ಯುತ್ತು ಮತ್ತು ಏಸಿ ಕೊಡುವ ಅದು ಗಂಟೆಗೆ 100 ಕೆ.ಜಿ.ಗೂ ಹೆಚ್ಚು ಉರಿಸುತ್ತದೆ. ಗೇಟಿನಲ್ಲಿ 400 ಹರ್ಟ್ಸ್ ವಿದ್ಯುತ್ತಿನ ಕೇಬಲ್, ತಂಪು ಗಾಳಿಯ ಕೊಳವೆ ಎರಡನ್ನೂ ಕೂಡಲೇ ಜೋಡಿಸಿದರೆ ಎಪಿಯು ಬೇಡ. ಏಪ್ರಿಲ್ ಬಿಸಿಲಿನಲ್ಲಿ ಕೊಳವೆ ತಡವಾಗಿ ಬಂದರೂ, ಮಡಿಚಿಕೊಂಡು ಗಾಳಿ ಸಾಲದಿದ್ದರೂ ಕ್ಯಾಬಿನ್ ಬಿಸಿಯಾಗುತ್ತದೆ, ಸಿಬ್ಬಂದಿ ಎಪಿಯು ಹಚ್ಚುತ್ತಾರೆ. ವಿಮಾನ ಕಂಪನಿಗಳು ಮೊದಲು ತಿದ್ದಬೇಕಾದದ್ದು ಇದನ್ನೇ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಮ್ಮೂರಿಗೆ ಪ್ರೊಪೆಲರ್ ವಿಮಾನ ಬರುತ್ತದೆ. ಜೆಟ್ ಬಂದರೆ ಪರಿಸರಕ್ಕೆ ಒಳ್ಳೆಯದಲ್ಲವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬೆಂಗಳೂರು–ಹುಬ್ಬಳ್ಳಿಯಂಥ ಸಣ್ಣ ದೂರಕ್ಕೆ ಎಟಿಆರ್ 72 ಎಂಬ ಪ್ರೊಪೆಲರ್ ವಿಮಾನವೇ ಮೇಲು. ಜೆಟ್ ಎಂಜಿನ್ ಮಿತವ್ಯಯಿ ಆಗುವುದು 35 ಸಾವಿರ ಅಡಿಯ ಆಸುಪಾಸಿನಲ್ಲಿ. ಇಷ್ಟು ಹತ್ತಿರದ ಊರಿಗೆ ಹೋಗುವಾಗ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. 78 ಆಸನಗಳ ಎಟಿಆರ್ ಗಂಟೆಗೆ ಉರಿಸುವುದು 650 ಕೆ.ಜಿ. ಆಸುಪಾಸು. ಸೀಟು ಭರ್ತಿಯಾಗದೆ ಅರ್ಧ ಖಾಲಿ ಹಾರುವ ದೊಡ್ಡ ಜೆಟ್ ಎದುರು ಇದರ ಲಾಭ ಇನ್ನೂ ಹೆಚ್ಚು.

ಒಂದು ಕೊರತೆಯೂ ಇದೆ. ಎಟಿಆರ್‌ಗೆ ಎಪಿಯು ಇಲ್ಲ. ಬಲ ಎಂಜಿನ್ನಿನ ಪ್ರೊಪೆಲರ್‌ಗೆ ಬ್ರೇಕ್ ಹಾಕಿ, ಎಂಜಿನ್ನನ್ನು ಮಾತ್ರ ಓಡಿಸಿ ವಿದ್ಯುತ್ತು ಪಡೆಯುತ್ತಾರೆ. ಇದಕ್ಕೆ ಹೋಟೆಲ್ ಮೋಡ್ ಎನ್ನುತ್ತಾರೆ. ಸಣ್ಣ ನಿಲ್ದಾಣಗಳಲ್ಲಿ ನೆಲದ ವಿದ್ಯುತ್ ಗಾಡಿ ಸಿದ್ಧವಾಗಿದ್ದರೆ ಈ ಇಂಧನವೂ ಉಳಿಯುತ್ತದೆ.

ಪ್ರಶ್ನೆ: ಇಂಧನ ಅಗ್ಗವಿರುವ ಊರಿನಲ್ಲಿ ಹೆಚ್ಚಿಗೆ ತುಂಬಿಸಿಕೊಂಡು ಬರುವುದರಿಂದ ಹೊಗೆ ಹೆಚ್ಚುವುದಿಲ್ಲವೇ?
– ಓದುಗರು, ಉಡುಪಿ

ಉತ್ತರ: ಹೆಚ್ಚುತ್ತದೆ. ಇದಕ್ಕೆ ಟ್ಯಾಂಕರಿಂಗ್ ಎನ್ನುತ್ತಾರೆ. ವಿಮಾನ ಇಂಧನ ಇನ್ನೂ ಜಿಎಸ್‌ಟಿಗೆ ಸೇರಿಲ್ಲ, ವ್ಯಾಟ್ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಾಗಾಗಿ ನಮ್ಮಲ್ಲಿ ಇದರ ಆಸೆ ಜಾಸ್ತಿ. ಹೊತ್ತ ಹೆಚ್ಚುವರಿ ಭಾರದಲ್ಲಿ ಗಂಟೆಗೆ ಸುಮಾರು ಶೇ 3ರಷ್ಟು ಇಂಧನ ಅದನ್ನು ಹೊರುವುದಕ್ಕೇ ಹೋಗುತ್ತದೆ. 2,000 ಕೆ.ಜಿ. ಹೆಚ್ಚಿಗೆ ತುಂಬಿ 2 ಗಂಟೆ ಹಾರಿದರೆ 120 ಕೆ.ಜಿ. ಸುಮ್ಮನೆ ಉರಿದಂತೆ. ಅದರಿಂದ ಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 380 ಕೆ.ಜಿ. ಐರೋಪ್ಯ ಒಕ್ಕೂಟ ಇದನ್ನು ಕಾನೂನಿನಿಂದಲೇ ಕಟ್ಟಿಹಾಕಿದೆ: ಅಲ್ಲಿನ ನಿಲ್ದಾಣದಿಂದ ಹೊರಡುವ ಹಾರಾಟಗಳಿಗೆ ವರ್ಷದಲ್ಲಿ ಬೇಕಾಗುವ ಇಂಧನದ ಶೇ 90ರಷ್ಟನ್ನು ಅಲ್ಲೇ ತುಂಬಿಸಿಕೊಳ್ಳಬೇಕು. ನಮಗೂ ಅಂಥದ್ದು ಬೇಕು.

ಆದರೆ ಕೆಟ್ಟ ಹವೆಗೆಂದು ಕ್ಯಾಪ್ಟನ್ ಹೆಚ್ಚಿಗೆ ಕೇಳುವ ಇಂಧನ ಬೇರೆ ವಿಷಯ. ಅದರಲ್ಲಿ ಚೌಕಾಸಿ ಸಲ್ಲದು. ಮಂಗಳೂರಿನಂಥ 2,450 ಮೀಟರ್ ಉದ್ದದ, ಗುಡ್ಡದ ಮೇಲಿನ ರನ್‌ವೇಗೆ ಮಳೆಯಲ್ಲಿ ಇಳಿಯುವಾಗ ಇಂಧನ ಉಳಿಸಲೆಂದು ಫ್ಲಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಚಾಚುವ ಹಲಗೆ) ಕಡಿಮೆ ಬಿಡುವುದೂ, ರಿವರ್ಸ್ ಥ್ರಸ್ಟನ್ನು (ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವುದನ್ನು) ಐಡಲ್‌ನಲ್ಲೇ ಇಡುವುದೂ ಕೂಡದು. ಉದ್ದನೆಯ ಒಣ ರನ್‌ವೇಯಲ್ಲಿ ಅವು ಸರಿ.

ಪ್ರಶ್ನೆ: ಹೋಟೆಲಿನ ಕರಿದ ಎಣ್ಣೆಯಿಂದ ವಿಮಾನ ಹಾರಿಸಬಹುದಾದರೆ ಪೂರ್ತಿ ಅದರಲ್ಲೇ ಏಕೆ ಹಾರಿಸುವುದಿಲ್ಲ?
– ಓದುಗರು, ಮಂಗಳೂರು

ಉತ್ತರ: ಎಣ್ಣೆಯನ್ನು ಸೋಸಿ ನೇರವಾಗಿ ಟ್ಯಾಂಕಿಗೆ ಸುರಿಯುವುದಲ್ಲ ಇದು. ಮೊದಲು ನೀರು, ಉಪ್ಪು, ಲೋಹದ ಅಂಶ ತೆಗೆಯುತ್ತಾರೆ. ಆಮೇಲೆ ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಆಮ್ಲಜನಕ ಕಳೆಯುತ್ತಾರೆ. ಆಗ ಸಿಗುವುದು ನೇರ ಸರಪಳಿಯ ಹೈಡ್ರೋಕಾರ್ಬನ್. ಅದನ್ನು ಹಾಗೇ ಬಳಸಿದರೆ ಎತ್ತರದ ಚಳಿಗೆ ರೆಕ್ಕೆಯ ಟ್ಯಾಂಕಿನಲ್ಲಿ ಮೇಣವಾಗುತ್ತದೆ. ಜೆಟ್ ಎ-1 ಎಂಬ ಮಾಮೂಲಿ ವಿಮಾನ ಇಂಧನ ಮೈನಸ್ 47 ಡಿಗ್ರಿವರೆಗೂ ಹೆಪ್ಪುಗಟ್ಟಬಾರದು. ಆದ್ದರಿಂದ ಸರಪಳಿಗಳನ್ನು ಕತ್ತರಿಸಿ, ಕವಲೊಡೆಸುವ ಇನ್ನೊಂದು ಹಂತವಿದೆ. ಈ ಹಂತದಲ್ಲಿ ಒಂದಷ್ಟು ಪಾಲು ಡೀಸೆಲ್, ನಾಫ್ತಾ ಆಗಿ ಬೇರೆ ಹೋಗುತ್ತದೆ.

ಇಷ್ಟಾದರೂ ಈಗಿನ ನಿಯಮದಂತೆ ಅರ್ಧಕ್ಕಿಂತ ಹೆಚ್ಚು ಬೆರೆಸುವಂತಿಲ್ಲ. ಕಲ್ಲೆಣ್ಣೆಯಿಂದ ಬಂದ ಇಂಧನದಲ್ಲಿರುವ ಆರೊಮ್ಯಾಟಿಕ್ ಎಂಬ ಉಂಗುರಾಕಾರದ ಹೈಡ್ರೋಕಾರ್ಬನ್‌ಗಳು ರಬ್ಬರ್ ಸೀಲುಗಳನ್ನು ಉಬ್ಬಿಸಿ ಬಿಗಿಯಾಗಿಡುತ್ತವೆ. ಕರಿದ ಎಣ್ಣೆಯ ಇಂಧನದಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ, ಹಳೆಯ ಸೀಲುಗಳು ಕುಗ್ಗಿ ಸೋರಬಹುದು. ಮಿಶ್ರಣದಲ್ಲಿ ಕನಿಷ್ಠ ಶೇ 8ರಷ್ಟು ಆರೊಮ್ಯಾಟಿಕ್ ಇರಬೇಕೆಂಬ ನಿಯಮ ಅದಕ್ಕೇ.

ಎಂಜಿನ್ನಿಂದ ಹೊರಬರುವ ಕಾರ್ಬನ್ ಡೈಆಕ್ಸೈಡ್ ಇದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಉಳಿತಾಯವಾಗುವುದು ಆ ಇಂಗಾಲ ನೆಲದಾಳದಿಂದಲ್ಲದೆ ಗಿಡಗಳಿಂದ ಬಂದದ್ದರಿಂದ. ಇಡೀ ಸರಣಿಯ ಲೆಕ್ಕ ಹಾಕಿದರೆ ಶೇ 80ರವರೆಗೂ ತಗ್ಗಬಹುದು, ಆದರೆ ಎಣ್ಣೆ ನಿಜಕ್ಕೂ ಬಳಸಿದ್ದೇ ಆಗಿರಬೇಕು. ಹೊಸ ತಾಳೆ ಎಣ್ಣೆಯನ್ನು ಹಳೆಯದೆಂದು ಮಾರಿದರೆ ಲೆಕ್ಕವೆಲ್ಲ ಸುಳ್ಳು. ಒಟ್ಟು ಪೋಲಾರ್ ಅಂಶ (ಮತ್ತೆ ಮತ್ತೆ ಕರಿದಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳು) ಶೇ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂದು 2018ರಿಂದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನಿಯಮವಿದೆ. ಅಂಥ ಎಣ್ಣೆ ಗಾಡಿ ಅಂಗಡಿಗಳಿಗೆ ಹೋಗದೆ ಸಂಗ್ರಹಕಾರರ ಕೈಸೇರಿದರೆ ಆರೋಗ್ಯಕ್ಕೂ ಲಾಭ.

ನಮ್ಮಲ್ಲಿ 2018ರ ಆಗಸ್ಟ್ 27ರಂದು ಡೆಹ್ರಾಡೂನ್‌ನಿಂದ ದೆಹಲಿಗೆ ಜತ್ರೋಫಾ ಎಣ್ಣೆಯ ಇಂಧನ ಬೆರೆಸಿ ಸ್ಪೈಸ್‌ಜೆಟ್ ವಿಮಾನ ಹಾರಿತ್ತು. ಅಂತರರಾಷ್ಟ್ರೀಯ ಹಾರಾಟಗಳಿಗೆ 2027ರಲ್ಲಿ ಶೇ 1, 2028ರಲ್ಲಿ ಶೇ 2, 2030ರಲ್ಲಿ ಶೇ 5ರಷ್ಟು ಇಂಥ ಇಂಧನ ಬೆರೆಸುವುದು ಸರ್ಕಾರದ ಗುರಿ. ತಂತ್ರಜ್ಞಾನ ಕೈಯಲ್ಲಿದೆ. ಕೊರತೆ ಇರುವುದು ಎಣ್ಣೆಗೆ, ಅಡ್ಡಿಯಾಗಿರುವುದು ಬೆಲೆ.

ಪ್ರಶ್ನೆ: ವಿಮಾನದ ಹಿಂದಿನ ಬಿಳಿ ಗೆರೆಯೂ ಮಾಲಿನ್ಯವೇ?
– ಓದುಗರು, ಶಿವಮೊಗ್ಗ

ಉತ್ತರ: ಅದು ಮಂಜಿನ ಹರಳು, ಹೊಗೆಯಲ್ಲ. ಆದರೂ ತೇವ ತುಂಬಿದ ಚಳಿಗಾಳಿಯಲ್ಲಿ ಗಂಟೆಗಟ್ಟಲೆ ಉಳಿದು ಹರಡಿದರೆ ನೆಲದ ಶಾಖವನ್ನು ತಡೆಹಿಡಿಯುತ್ತದೆ. ರಾತ್ರಿ ಇದು ಹೆಚ್ಚು. ಅಮೆರಿಕನ್ ಏರ್‌ಲೈನ್ಸ್ ಮತ್ತು ಗೂಗಲ್ 2023ರಲ್ಲಿ ಪ್ರಕಟಿಸಿದ 70 ಹಾರಾಟಗಳ ಪ್ರಯೋಗದಲ್ಲಿ ಎತ್ತರ ಸ್ವಲ್ಪ ಬದಲಿಸಿದ್ದಕ್ಕೆ ಗೆರೆಗಳು ಶೇ 54ರಷ್ಟು ತಗ್ಗಿದವು. ಆ ಹಾರಾಟಗಳಿಗೆ ಇಂಧನ ಶೇ 2ರಷ್ಟು ಹೆಚ್ಚು ಬೇಕಾಯಿತು.

ಪ್ರಶ್ನೆ: ಟಿಕೆಟ್ ಕೊಳ್ಳುವಾಗ ಕಾರ್ಬನ್ ಪರಿಹಾರಕ್ಕೆಂದು ಹಣ ಕೇಳುತ್ತಾರೆ. ಕೊಡಬೇಕೇ?
– ಓದುಗರು, ದೋಹಾ

ಉತ್ತರ: ಹಣ ಯಾವ ಯೋಜನೆಗೆ ಹೋಗುತ್ತದೆ, ಯಾರು ಪ್ರಮಾಣೀಕರಿಸಿದ್ದಾರೆ ಎಂದು ಬರೆದಿರದಿದ್ದರೆ ಬೇಡ. ಅದಕ್ಕಿಂತ ಮೊದಲು ನಿಮ್ಮ ಪಾಲಿನ ಇಂಧನವನ್ನೇ ಇಳಿಸಿ. ಬೆಂಗಳೂರಿಗೆ ನೇರ ವಿಮಾನ ಹಿಡಿದರೆ ಇನ್ನೊಂದು ಟೇಕಾಫ್ ಮತ್ತು ಸುತ್ತುದಾರಿ ತಪ್ಪುತ್ತದೆ. ಮಲಗುವ ಸೀಟು ಎಕಾನಮಿ ಸೀಟಿನ ಎರಡು-ಮೂರು ಪಟ್ಟು ಜಾಗ ಹಿಡಿಯುತ್ತದೆ, ಇಂಧನದ ಪಾಲೂ ಹಾಗೆಯೇ. 4 ಗಂಟೆಯ ಹಾರಾಟಕ್ಕೆ 20 ಕೆ.ಜಿ. ಲಗೇಜ್ ಬಿಟ್ಟು ಬಂದರೆ ಉಳಿಯುವುದು ಸುಮಾರು 2.4 ಕೆ.ಜಿ. ಇಂಧನ. ಸಣ್ಣದೇ, ಆದರೆ ಖಚಿತ. ಎಕಾನಮಿ ಸೀಟು, ನೇರ ವಿಮಾನ ಇವೆರಡರ ಲಾಭ ಅದಕ್ಕಿಂತ ಎಷ್ಟೋ ದೊಡ್ಡದು.